ನರ್ಸಬಾಯಿಯ ರಷ್ಯಾದ ಮಕ್ಕಳು

ನರ್ಸಬಾಯಿ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ. ಹೇಳಿದವಳು ಸೂಲಗಿತ್ತಿ ಕ್ಲಾರಾಬಾಯಿ. ದಾಂಡೇಲಿಯ ಬಸ್ಸು ಆಗಷ್ಟೇ ಹೋಗಿತ್ತು, ಇನ್ನೊಂದು ಬರುವತನಕ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತೆವು. ನಾಲ್ಕು ದಿನದ ಹಿಂದೆ ಮಧ್ಯಾಹ್ನ ಉಂಡು ಅಡ್ಡಾದವಳು ಮತ್ತೆ ಏಳಲೇ ಇಲ್ಲವಂತೆ, ಮಣ್ಣೂ ಆಗಿಹೋಗಿತ್ತು. ಯಾರಿಗೂ ತ್ರಾಸು ಕೊಡದೆ ಹೋದಳು ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಆಮೇಲೆ ಕ್ಲಾರಾಬಾಯಿ ಬಲಗೈಯ ಎರಡು ಬೆರಳು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ನನಗೆ ನಗು ತಡೆಯಲಾಗಲಿಲ್ಲ, ಅವಳಿಗೂ. ಕಬ್ಬಿನ ಹಾಲಿನ ಗಾಡಿಯವನು ನಮ್ಮನ್ನು ಒಂದು ಥರ ನೋಡಿದ.

ಆ ಎರಡು ಬೆರಳು ನರ್ಸಬಾಯಿಯ ಗುರುತು. ದಾಂಡೇಲಿಯಿಂದ ಗಣೇಶಗುಡಿಗೆ ಹೋಗುವ ದಾರಿಯಲ್ಲಿ, ಕಾಳಿ ನದಿಯ ಮಗ್ಗುಲಿಗಿರುವ ನಮ್ಮೂರಿನಲ್ಲಿ ಆಕೆ ಉಪಕೇಂದ್ರದ ಸರಕಾರಿ ನರ್ಸು, ನಾನು ಪ್ರಾಥಮಿಕ ಶಾಲೆಯ ಅಕ್ಕೋರು, ಅಂದರೆ ಟೀಚರು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಸೊಸೆಯಾಗಿ ಬಂದಾಗಲೇ ಆಕೆ ಅಲ್ಲಿ ಹಳಬಳು. ಕುಟುಂಬ ಯೋಜನೆ ಆಕೆಗೆ ಬರೀ ನೌಕರಿಯಲ್ಲ, ಹಿಡಿದ ವ್ರತ. ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಎಲ್ಲೇ ಆಗಲಿ ಮೂರನೆಯ ಕೂಸನ್ನು ಎತ್ತಿಕೊಂಡ ಹೆಂಗಸು ಕಂಡಳೋ, ದೂರದಿಂದಲೇ ಎರಡು ಬೆರಳು ಎತ್ತುತ್ತಿದ್ದಳು. ಹೊಸದಾಗಿ ಬಂದ ಕಂಡಕ್ಟರೊಬ್ಬ ಅದನ್ನು ನೋಡಿ ಎರಡು ಟಿಕೇಟು ಹರಿದು ಕೊಟ್ಟಿದ್ದ. ಒಂದು ನನ್ನದು, ಇನ್ನೊಂದು ಸರಕಾರದ್ದು ಎಂದು ಆಕೆ ಎರಡನ್ನೂ ಇಟ್ಟುಕೊಂಡಳು.

ಸರಕಾರದ ವರ್ಷದ ಲೆಕ್ಕ ಮುಗಿಯುವ ಮಾರ್ಚ್ ಬಂತೆಂದರೆ ಆಕೆಯ ಕಾಲು ನೆಲಕ್ಕೆ ಹತ್ತುತ್ತಿರಲಿಲ್ಲ. ಆಪರೇಶನ್ ಕ್ಯಾಂಪಿಗೆ ಹೆಂಗಸರನ್ನು ಒಟ್ಟುಮಾಡಿ ಜೀಪಿನಲ್ಲಿ ಕರೆದೊಯ್ಯಬೇಕು. ಜೀಪಿನ ಸದ್ದು ಕೇಳಿದ್ದೇ ಗಂಡಸರು ಅಡವಿ ಹೊಗುತ್ತಿದ್ದರು. ತಮ್ಮನ್ನೇ ಎತ್ತಿಕೊಂಡು ಹೋದಾಳೆಂಬ ಹೆದರಿಕೆ. ಒಂದು ವರ್ಷ ತಾಲೂಕಿಗೇ ಹೆಚ್ಚು ಆಪರೇಶನ್ ಮಾಡಿಸಿದ್ದಕ್ಕೆ ಗೋಡೆ ಗಡಿಯಾರ ಬಹುಮಾನ ಬಂತು. ಅದು ಯಾವತ್ತೂ ಹಿಂದೆಯೇ ಓಡುತ್ತಿತ್ತು, ಆದರೂ ಉಪಕೇಂದ್ರದ ಗೋಡೆಯಿಂದ ಇಳಿಯಲಿಲ್ಲ. ಕ್ಲಾರಾಬಾಯಿ ಹಳಿಯಾಳ ಕಡೆಯ ಸಿದ್ದಿ ಹೆಂಗಸು, ಏಳು ಹಡೆದವಳು, ಊರಿನ ಹೆರಿಗೆಗಳಲ್ಲಿ ನರ್ಸಬಾಯಿಯ ಜೋಡಿ. ನಾ ಬಾಗಿಲು ತೆಗೆಯುವವಳು, ಈಕೆ ಹಾಕುವವಳು ಎಂದು ಅವಳು ಚಾಷ್ಟಿ ಮಾಡುತ್ತಿದ್ದಳು.

ನನ್ನ ಮಗಳು ಹುಟ್ಟಿದಾಗ ಕೂಸನ್ನು ಒರೆಸಿ ನನ್ನ ಮಗ್ಗುಲಿಗೆ ಮಲಗಿಸಿ ನರ್ಸಬಾಯಿ ಆಡಿದ ಮೊದಲ ಮಾತು, "ಸಾಕಲ್ಲ?" ಹೊರಗೆ ಸಕ್ಕರೆ ಹಂಚಲು ಕೂತಿದ್ದ ನನ್ನ ಅತ್ತೆಗೆ ಅದು ಕೇಳಿಸಿತು. ವರ್ಷಾನುಗಟ್ಟಲೆ ಅತ್ತೆ ಆಕೆಗೆ ನಮ್ಮ ಮನೆಯಲ್ಲಿ ಚಹಾ ಕೊಡಲಿಲ್ಲ. ನರ್ಸಬಾಯಿ ಬರುವುದನ್ನೇನೂ ಬಿಡಲಿಲ್ಲ. ನೀರು ಕೇಳಿ ಕುಡಿದು, ಅತ್ತೆಯ ಬಿ.ಪಿ. ನೋಡಿ, ಉಪ್ಪು ಕಡಿಮೆ ತಿನ್ನಿರಿ ಎಂದು ಬೈದು ಹೋಗುತ್ತಿದ್ದಳು.

ಇಷ್ಟೆಲ್ಲ ಊರ ಬಸಿರು ಬಾಣಂತನ ನೋಡಿದ ನರ್ಸಬಾಯಿಗೆ ಲಗ್ನವಾಗಿರಲಿಲ್ಲ. ಹಡೆಯದವಳಿಗೆ ಹಡೆಯುವುದರ ಸುದ್ದಿ ಏನು ಗೊತ್ತು ಎಂದು ಯಾರಾದರೂ ಮೊದಮೊದಲು ಅಂದರೆ ಆಕೆಯ ಉತ್ತರ ತಯಾರಿತ್ತು.

"ದನದ ಡಾಕ್ಟರು ದನಾ ಆಗಿರಬೇಕೇನು?"

ಲಗ್ನ ಯಾಕೆ ಆಗಲಿಲ್ಲ ಎಂಬುದಕ್ಕೆ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಕತೆ. ಅಂಗನವಾಡಿಯವಳಿಗೆ ಹೇಳಿದ ಕತೆಯಲ್ಲಿ ವರ ಮಿಲಿಟರಿಗೆ ಹೋಗಿ ವಾಪಸು ಬರಲಿಲ್ಲ. ನನ್ನ ಅತ್ತೆಗೆ ಹೇಳಿದ್ದರಲ್ಲಿ ಜಾತಕ ಕೂಡಲಿಲ್ಲ. ನನಗೆ ಹೇಳಿದ್ದು ಹೀಗೆ: ನೋಡಲು ಬಂದವನು ನೌಕರಿ ಬಿಡು ಅಂದನಂತೆ. ನೀ ಬಿಡು ನಿನ್ನ ನೌಕರಿ ಎಂದು ಈಕೆ ಅಂದಳಂತೆ. ಇಬ್ಬರೂ ಬಿಡಲಿಲ್ಲವಂತೆ. ಈ ಮೂರರಲ್ಲಿ ಯಾವುದು ಖರೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕತೆ ಕಟ್ಟುವ ಈ ಚಟ ತನ್ನ ಸ್ವಂತ ವಿಷಯಕ್ಕೆ ಮಾತ್ರ. ಕೆಲಸದ ವಿಷಯದಲ್ಲಿ ಆಕೆ ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಗಂಡ, ಅತ್ತೆ ಅಡ್ಡ ಬಂದರೂ ಹೆಂಗಸರು ಆಪರೇಶನ್ನಿಗೆ ಹೋಗುತ್ತಿದ್ದುದು, ಜ್ವರ ಬರುತ್ತದೆಂದು ಗೊತ್ತಿದ್ದೂ ಕೂಸಿಗೆ ಇಂಜೆಕ್ಷನ್ ಹಾಕಿಸುತ್ತಿದ್ದುದು ಒಂದೇ ಮಾತಿನ ಬಲದಿಂದ: ನರ್ಸಬಾಯಿ ಹೇಳಿದ್ದಾಳೆ. ಆ ಮಾತು ಒಮ್ಮೆ ಸುಳ್ಳಾಯಿತೆಂದರೆ ಆಕೆಯ ಚೀಲದಲ್ಲಿದ್ದ ಗುಳಿಗೆ ಸೂಜಿಗಳಿಗೆ ಬೆಲೆಯೇ ಇರುತ್ತಿರಲಿಲ್ಲ. ಅಂಥ ಮಾತನ್ನು ಆಕೆ ಪಣಕ್ಕಿಟ್ಟಿದ್ದು ಒಬ್ಬ ರಷ್ಯಾದ ಹೆಂಗಸಿಗಾಗಿ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿರಬೇಕು. ಗಣೇಶಗುಡಿಯಲ್ಲಿ ರಾಫ್ಟಿಂಗ್ ಶುರುವಾದ ಮೇಲೆ ಗೋವಾಕ್ಕೆ ಬಂದ ಪರದೇಶದವರು ಘಟ್ಟ ಹತ್ತಿ ನಮ್ಮ ಕಡೆಗೂ ಬರತೊಡಗಿದ್ದರು. ಹಾಗೆ ಮೋಟರ್‌ಸೈಕಲ್ ಮೇಲೆ ಬಂದ ಒಂದು ಜೋಡಿ ಉಪಕೇಂದ್ರದ ಮಗ್ಗುಲ ಮನೆಯನ್ನು ಚಳಿಗಾಲದ ಮಟ್ಟಿಗೆ ಬಾಡಿಗೆ ಹಿಡಿಯಿತು. ಗಂಡಸಿಗೆ ಎದೆಮಟ್ಟ ಗಡ್ಡ, ದಿನವಿಡೀ ನದಿಯಲ್ಲಿ. ಹೆಂಗಸಿಗೆ ಮೂವತ್ತೈದರ ಆಜುಬಾಜು, ಅಂಗಳದಲ್ಲಿ ಕೂತು ಮಂಗಟ್ಟೆ ಹಕ್ಕಿಗಳ ಚಿತ್ರ ಬರೆಯುತ್ತಿದ್ದಳು. ಅವಳ ಹೆಸರು ಊರಿನ ಯಾರ ನಾಲಿಗೆಗೂ ಹೊಂದಲಿಲ್ಲ. ನರ್ಸಬಾಯಿ ತಂಗಿ ಅಂದಳು, ಊರೂ ತಂಗಿ ಅಂದಿತು.

ಮನೆಯ ಮಾಲಕರು ಕೊಂಕಣಿಯವರು, ಮಡಿವಂತರು. ಬಾಡಿಗೆಗೆ ಕೊಟ್ಟಾದ ಮೇಲೆ ಅವರಿಗೆ ಸಂಶಯ ಹುಟ್ಟಿತು: ಕೊರಳಲ್ಲಿ ತಾಳಿ ಇಲ್ಲ, ಕಾಲಲ್ಲಿ ಉಂಗುರ ಇಲ್ಲ. ಲಗ್ನ ಆಗಿದೆಯೋ ಇಲ್ಲವೋ ಕೇಳಿಕೊಂಡು ಬಾ, ಆಗಿರದಿದ್ದರೆ ನಾಳೆಯೇ ಖಾಲಿ ಮಾಡಿಸುತ್ತೇನೆ ಎಂದು ಇಂಗ್ಲಿಷ್ ಬಲ್ಲ ನನ್ನನ್ನು ಅಟ್ಟಿದರು. ನರ್ಸಬಾಯಿಗೂ ಮನೆಮನೆಯ ಸರ್ವೆ ಇತ್ತು, ಇಬ್ಬರೂ ಕೂಡಿ ಹೋದೆವು. ಆಕೆ ಯಾವಾಗಿನಂತೆ ಒಂದೊಂದೇ ಪ್ರಶ್ನೆ ಕೇಳಿದಳು, ನಾನು ಇಂಗ್ಲಿಷಿನಲ್ಲಿ ದಾಟಿಸಿದೆ. ಲಗ್ನ? ಆಗಿಲ್ಲ. ಹಾಗಾದರೆ ಈ ಗಡ್ಡದಪ್ಪ ಯಾರು? ನನ್ನವನು. ಎಷ್ಟು ವರ್ಷದಿಂದ? ಎಂಟು. ಮಕ್ಕಳು? ಇಲ್ಲ, ಬೇಡ. ಅಲ್ಲಿಗೆ ನರ್ಸಬಾಯಿಯ ಪ್ರಶ್ನೆ ಮುಗಿದವು. ಒಂದು ಮನೆಗೆ ಹೋಗಿ ಯಾವ ಉಪದೇಶವನ್ನೂ ಕೊಡದೆ ಆಕೆ ಎದ್ದು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗೇಟಿನಲ್ಲಿ ಮಾಲಕರು ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನರ್ಸಬಾಯಿ, "ಲಗ್ನ ಆಗೇತ್ರಿ, ಎಂಟ ವರ್ಷಾತು. ಅವರ ದೇಶದಾಗ ತಾಳಿ ಕಟ್ಟೂದಿಲ್ಲ, ಸಹಿ ಮಾಡ್ತಾರ," ಅಂದಳು. ನರ್ಸಬಾಯಿಯೇ ಹೇಳಿದ ಮೇಲೆ ಮುಗಿಯಿತು, ಮಾಲಕರು ಸಮಾಧಾನದಿಂದ ಹೋದರು. ನನಗೆ ದಂಗು ಬಡಿದಂತಾಯಿತು. ದಾರಿಯಲ್ಲಿ ಕೇಳಿದರೆ ಆಕೆ ಹೇಳಿದ್ದು ಇಷ್ಟು: ತಾಳಿ ಕಟ್ಟಿಸಿಕೊಂಡು ತವರುಮನೆಯಲ್ಲಿ ಕೂತವರು ಈ ಊರಿನಲ್ಲೇ ಎಷ್ಟಿದ್ದಾರೆ. ಇವರು ಯಾರೂ ಕಟ್ಟಿಹಾಕದೆ ಎಂಟು ವರ್ಷ ಕೂಡಿದ್ದಾರೆ, ಅದು ಲಗ್ನಕ್ಕಿಂತ ಗಟ್ಟಿ.

ಆದರೆ ಇಲ್ಲಿಯೇ ನರ್ಸಬಾಯಿ ಎಡವಿದಳು. ಲಗ್ನವಾಗದೆ ಗಂಡಸಿನ ಜೊತೆ ಇರುವ ಹೆಂಗಸಾಗಿದ್ದರೆ ಊರು ಅವಳ ಬೆನ್ನ ಹಿಂದೆ ಆಡಿಕೊಂಡು, ಎದುರಿಗೆ ದೂರ ಇರುತ್ತಿತ್ತು. ಲಗ್ನವಾಗಿ ಎಂಟು ವರ್ಷಕ್ಕೂ ಮಕ್ಕಳಿಲ್ಲದ ಹೆಂಗಸು ಹಾಗಲ್ಲ, ಅವಳು ಊರಿಗೇ ಸೇರಿದವಳು. ಮುಂದಿನ ಶುಕ್ರವಾರವೇ ಹೆಂಗಸರ ದಂಡು ಹೋಗಿ ಅರಿಶಿಣ ಕುಂಕುಮ ಹಚ್ಚಿ, ಅಕ್ಕಿ ತೆಂಗಿನಕಾಯಿ ಹಾಕಿ ಉಡಿ ತುಂಬಿ ಬಂದಿತು. ಒಬ್ಬಳು ಬೇರು ತೇಯ್ದು ಕುಡಿಸಿದಳು. ಇನ್ನೊಬ್ಬಳು ಅವಳ ಹೆಸರಿನಲ್ಲಿ ದೇವಿಯ ಗುಡಿಯ ಮುಂದಿನ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟಿದಳು. ಕ್ಲಾರಾಬಾಯಿಯನ್ನು ಕರೆಸಿ ಹೊಟ್ಟೆ ಮುಟ್ಟಿಸಿ ನೋಡಿದ್ದೂ ಆಯಿತು. ಇವಳದೇನೂ ದೋಷವಿಲ್ಲ, ಗಂಡನನ್ನು ನೋಡಿಕೊಳ್ಳಿ ಎಂದಳು ಕ್ಲಾರಾಬಾಯಿ. ಅವತ್ತಿನಿಂದ ಗಡ್ಡದವನಿಗೆ ಶಕ್ತಿ ಬರಲೆಂದು ಮನೆಮನೆಯಿಂದ ಅಂಟಿನುಂಡೆ ಹೋಗತೊಡಗಿತು. ಯಾತಕ್ಕೆಂದು ಅವನು ಕೇಳಲಿಲ್ಲ. ಡಬ್ಬಿ ಖಾಲಿ ಮಾಡಿ, ತೊಳೆದು, ವಾಪಸು ತಂದು ಕೊಟ್ಟು ಮುಂದಿನದಕ್ಕೆ ನಿಂತುಕೊಳ್ಳುತ್ತಿದ್ದ.

ತೊಟ್ಟಿಲಿನ ಅರ್ಥ ಗೊತ್ತಾದ ದಿನ ತಂಗಿ ಕೆಂಪಾಗಿ, ಮಾತು ದಾಟಿಸಲು ನನ್ನನ್ನೂ ಎಳೆದುಕೊಂಡು ಉಪಕೇಂದ್ರಕ್ಕೆ ಬಂದಳು. ಅವಳ ಸಿಟ್ಟು ಇಳಿಯುವತನಕ ನರ್ಸಬಾಯಿ ಚಹಾ ಕುದಿಸಿದಳು. ಅಲ್ಲಿ ಕೂತು ಅವಳು ಹೇಳಿದ ತನ್ನ ಮನೆತನದ ಕತೆ ನನಗೆ ಚೆನ್ನಾಗಿ ನೆನಪಿದೆ. ಅವಳ ಅಜ್ಜಿ ಐದು ಹಡೆದದ್ದಕ್ಕೆ ಸರಕಾರ ಪದಕ ಕೊಟ್ಟಿತ್ತಂತೆ. ತಾಯಿಯ ಕಾಲದಲ್ಲಿ ಇಪ್ಪತ್ತೈದು ದಾಟಿಯೂ ಲಗ್ನವಾಗದ ಹುಡುಗಿ ಮುದುಕಿ ಲೆಕ್ಕ. ಅದಕ್ಕೇ ತಾಯಿ ಇಪ್ಪತ್ತಕ್ಕೆ ಲಗ್ನವಾದಳು, ಇವಳನ್ನು ಹಡೆದಳು, ಗಂಡನನ್ನು ಬಿಟ್ಟಳು, ಮತ್ತೆ ಎರಡು ಸಲ ಆದಳು, ಎರಡು ಸಲ ಬಿಟ್ಟಳು. ನಮ್ಮ ಮನೆಯ ಪಾಲಿನ ಲಗ್ನಗಳನ್ನೆಲ್ಲ ಅಮ್ಮನೇ ಮುಗಿಸಿದ್ದಾಳೆ, ನನಗೆ ಉಳಿಸಿಲ್ಲ ಎಂದು ತಂಗಿ ನಕ್ಕಳು. ಅವಳ ಗೆಳತಿಯರಲ್ಲೂ ಕೆಲವರು ಹೀಗೆಯೇ ಇದ್ದಾರಂತೆ. ಈಗ ಸರಕಾರಕ್ಕೆ ದಿಗಿಲು ಹತ್ತಿ, ಎರಡನೆಯ ಮಗು ಹಡೆದರೆ ರೊಕ್ಕ ಕೊಡುತ್ತೇನೆ ಅನ್ನುತ್ತಿದೆಯಂತೆ. ತಾಯಿಯಂತೂ ಫೋನಿನಲ್ಲಿ ಪ್ರತಿ ಸಲ ಮೊಮ್ಮಗು ಕೇಳುತ್ತಾಳಂತೆ.

ನರ್ಸಬಾಯಿ ಐದು ಮಕ್ಕಳ ಪದಕದ ಮಾತು ಬಂದಲ್ಲಿಂದ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. "ಹಂಗಾರ ಅಲ್ಲಿ ನನ್ನಂಥಾ ನರ್ಸು ಮನಿಮನಿಗೆ ಹೋಗಿ ಹಡೀರಿ ಅಂತ ಕೈ ಮುಗೀಬೇಕೇನು?" ಎಂದು ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೆ, ಖರೇನೇ ಒಂದೂ ಬೇಡವೇನು ಎಂದು ತಂಗಿಯನ್ನು ಕೇಳಿದಳು. ಬೇಡ ಎಂದು ತಂಗಿ ಶಾಂತವಾಗಿಯೇ ಹೇಳಿ, ನಿಮಗೆ ಬೇಕೆನಿಸಿರಲಿಲ್ಲವೇ ಎಂದು ತಿರುಗಿ ಕೇಳಿದಳು. ನಾನು ಇದನ್ನು ದಾಟಿಸಲು ಹಿಂದೆಮುಂದೆ ನೋಡಿದೆ. ಲಗ್ನ ಯಾಕೆ ಆಗಲಿಲ್ಲ ಎಂದು ಊರೆಲ್ಲ ಆಕೆಯನ್ನು ಕೇಳಿತ್ತು. ಇದನ್ನು ಮಾತ್ರ ನಾವು ಒಬ್ಬರೂ ಕೇಳಿರಲಿಲ್ಲ.

"ಬುಧವಾರ ಅನಸ್ತಿತ್ತವಾ ತಂಗಿ," ಅಂದಳು ನರ್ಸಬಾಯಿ. "ಗುರುವಾರ ಇಂಜೆಕ್ಷನ್ ದಿನ ಇರ್ತಿತ್ತು. ಅಷ್ಟೂ ಕೂಸು ಕೂಡಿ ಅಳೂದ ಕೇಳಿದ ಮ್ಯಾಲ ಮತ್ತ ಮುಂದಿನ ಬುಧವಾರದ ತನಕಾ ಸುಮ್ಮನಿರ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆ ವಾರದಲ್ಲೇ ನರ್ಸಬಾಯಿ ಊರಿಗೆ ಎರಡನೆಯ ಸುಳ್ಳು ಹೇಳಿದಳು. ತಂಗಿಗೆ ರಷ್ಯಾದಲ್ಲಿ ಇಬ್ಬರು ಮಕ್ಕಳಿದ್ದಾರೆ, ಒಂದು ಗಂಡು ಒಂದು ಹೆಣ್ಣು, ಅಜ್ಜಿಯ ಹತ್ತಿರ ಬೆಳೆಯುತ್ತಿವೆ, ಮೊದಲು ನಾಚಿ ಹೇಳಿರಲಿಲ್ಲ, ಆಪರೇಶನ್ನೂ ಆಗಿದೆ. ಎರಡು ಮಕ್ಕಳು, ಒಂದು ಆಪರೇಶನ್, ಆಕೆಗೆ ಗೊತ್ತಿದ್ದ ಔಷಧಿ ಅದೊಂದೇ ತಾನೆ.

ಬೇರು, ತೊಟ್ಟಿಲು, ಅಂಟಿನುಂಡೆ ಎಲ್ಲ ಒಂದೇ ದಿನಕ್ಕೆ ನಿಂತವು. ಗಡ್ಡದವನು ನಾಲ್ಕು ದಿನ ಬಾಗಿಲಲ್ಲಿ ನಿಂತು ದಾರಿ ನೋಡಿದ. ಆಮೇಲೆ ಮಕ್ಕಳಿಗೆಂದು ಜೇನುತುಪ್ಪ, ಕೋಕಂ, ಎಳ್ಳುಂಡೆ ಬರತೊಡಗಿದ್ದರಿಂದ ಅವನಿಗೆ ನಷ್ಟವೇನೂ ಆಗಲಿಲ್ಲ. ಹೆಸರೇನು ಎಂದು ಹೆಂಗಸರು ಕೇಳಿದರು. ತಂಗಿ ಹೇಳಿದ ರಷ್ಯಾದ ಹೆಸರುಗಳಲ್ಲಿ ತನ್ನ ನಾಲಿಗೆಗೆ ಹೊಂದಿದ ಎರಡನ್ನು ನರ್ಸಬಾಯಿ ಆರಿಸಿಕೊಂಡಳು, ಮೀಶಾ ಮತ್ತು ನೀನಾ. ಆಮೇಲೆ ಹುಡುಗರನ್ನು ಹಿಡಿಯುವವರೇ ಇಲ್ಲವಾಯಿತು. ಮೀಶಾ ಲೆಕ್ಕದಲ್ಲಿ ಹಿಂದೆ. ನೀನಾಗೆ ಶೀತದ ಪ್ರಕೃತಿ, ಆದರೂ ಪೋಲಿಯೋ ಹನಿ ತಪ್ಪಿಸಿಲ್ಲ. ನಮ್ಮೂರ ತಾಯಂದಿರು ಹನಿ ತಪ್ಪಿಸಿದರೆ ನೀನಾಳ ಉದಾಹರಣೆ ಕೇಳಬೇಕು.

ಕುಟುಂಬ ಯೋಜನೆಗೂ ಆ ಮಕ್ಕಳು ದುಡಿದವು. "ಅಷ್ಟ ದೊಡ್ಡ ದೇಶ, ಜಾಗಾ ಬೇಕಾದಷ್ಟ ಐತಿ. ಆದ್ರೂ ಎರಡಕ್ಕ ನಿಲ್ಲಿಸ್ಯಾಳ. ನಿಮ್ಮದು ಎರಡ ಕೋಣಿ ಮನಿ," ಅನ್ನುತ್ತಿದ್ದಳು. ಹಡೆದು ದೇಶ ತುಂಬಿರಿ ಎಂದು ಬೇಡುತ್ತಿದ್ದ ಆ ದೇಶದವರಿಗೆ ಇದು ಕೇಳಿಸಿದ್ದರೆ ಏನಾಗುತ್ತಿತ್ತೋ. ಎರಡು ಹೆಣ್ಣು ಹಡೆದು, ಗಂಡು ಬೇಕೆಂಬ ಅತ್ತೆಯ ಕಾಟಕ್ಕೆ ಸೋತಿದ್ದ ಒಬ್ಬ ಹುಡುಗಿ ರಷ್ಯಾದವರನ್ನೇ ಮುಂದೆ ಮಾಡಿ ವಾದ ಗೆದ್ದು ಆಪರೇಶನ್ ಮಾಡಿಸಿಕೊಂಡು ಬಂದಳು. ಹುಡುಗಿಗೆ ಒಳ್ಳೆಯದೇ ಆಯಿತು. ನರ್ಸಬಾಯಿಗೆ ಮಾತ್ರ ಊಟ ಸೇರದಾಯಿತು. ಇಲ್ಲದ ಮಕ್ಕಳನ್ನು ತೋರಿಸಿ ಇರುವ ಹೆಂಗಸರನ್ನು ಒಪ್ಪಿಸಿದ್ದು ಗೊತ್ತಾದರೆ ಇಷ್ಟು ವರ್ಷದ ಮಾತೆಲ್ಲ ಸುಳ್ಳೆಂದು ಊರು ಎದ್ದೀತು ಎಂಬ ಅಂಜಿಕೆ. ಇನ್ನು ಆ ಮಕ್ಕಳ ಸುದ್ದಿ ಎತ್ತುವುದಿಲ್ಲ ಎಂದು ನನ್ನೆದುರು ಆಣೆ ಮಾಡಿದಳು. ಮರುದಿನವೇ ಯಾರೋ ಕೇಳಿದರು, ಮೀಶಾಗೆ ಮಂಗನಬಾವು ಬಂದಿರುವುದಾಗಿ ಹೇಳಿದಳು.

ಮರುವರ್ಷ ಚಳಿಗಾಲಕ್ಕೆ ಆ ಜೋಡಿ ಮತ್ತೆ ಬಂತು. ಸ್ವಲ್ಪ ದಿನದಲ್ಲೇ ತಂಗಿಯ ತಾಯಿಯೂ ಮಗಳನ್ನು ನೋಡಲು ಬರುತ್ತಾಳೆಂಬ ಸುದ್ದಿ ಹರಡಿತು. ಮೊಮ್ಮಕ್ಕಳನ್ನು ಸಾಕುವ ಅಜ್ಜಿ ಬರುತ್ತಿದ್ದಾಳೆಂದರೆ ಸಣ್ಣ ಮಾತೇ. "ಅಕ್ಕೋರ, ನಾ ಸತ್ತೆ," ಅಂದಳು ನರ್ಸಬಾಯಿ. ಹುಬ್ಬಳ್ಳಿಗೆ ಹೋಗಿ ಇದ್ದುಬಿಡಲೇ ಎಂದು ಯೋಚಿಸಿದಳು. ಆದರೆ ಗುರುವಾರದ ಇಂಜೆಕ್ಷನ್ ಬಿಟ್ಟು ಹೋಗುವ ಜೀವ ಅದಲ್ಲ.

ಅಜ್ಜಿ ಬಂದದ್ದೂ ಗುರುವಾರವೇ. ಉಪಕೇಂದ್ರದ ಅಂಗಳದಲ್ಲಿ ಕೂಸುಗಳನ್ನು ಹೊತ್ತ ಹೆಂಗಸರೆಲ್ಲ ನೆರೆದಿದ್ದರು. ದಪ್ಪನೆಯ ಹೆಂಗಸು, ತಲೆಗೆ ಹೂವಿನ ವಸ್ತ್ರ, ನಕ್ಕರೆ ಚಿನ್ನದ ಹಲ್ಲು. ಚೀಲದಿಂದ ಚಾಕಲೇಟು ತೆಗೆದು ಹಂಚುತ್ತಾ, ಅಳುವ ಕೂಸುಗಳನ್ನೆಲ್ಲ ಎತ್ತಿ ಎತ್ತಿ ಮುದ್ದಾಡಿದಳು. ಒಬ್ಬಳು ಕೇಳಿಯೇಬಿಟ್ಟಳು, ಮೊಮ್ಮಕ್ಕಳನ್ನು ಯಾಕೆ ಕರೆದುಕೊಂಡು ಬರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಾನು ತಂಗಿಯ ಮುಖ ನೋಡಿದೆ. ನರ್ಸಬಾಯಿ ಲಸಿಕೆಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಯಾರೂ ಬಾಯಿ ಬಿಡದ್ದನ್ನು ನೋಡಿ ಕ್ಲಾರಾಬಾಯಿ ಮುಂದೆ ಬಂದು, ಅಜ್ಜಿಯ ಕಣ್ಣಿಗೆ ಕಾಣುವಂತೆ ಎರಡು ಬೆರಳು ಎತ್ತಿ, "ಮೀಶ್ಯಾ, ನೀನಾ," ಎಂದು ನಿಧಾನಕ್ಕೆ ಹೇಳಿದಳು.

ತಂಗಿ ತನ್ನ ಭಾಷೆಯಲ್ಲಿ ತಾಯಿಗೆ ಬಹಳ ಹೊತ್ತು ಏನೋ ಹೇಳಿದಳು. ಅಜ್ಜಿ ನರ್ಸಬಾಯಿಯನ್ನೇ ನೋಡುತ್ತಾ ಕೇಳಿಸಿಕೊಂಡಳು. ಮುಖದಲ್ಲಿ ಮೊದಲು ಬೆರಗು ಬಂತು, ಆಮೇಲೆ ಏನು ಬಂತೋ ನನಗೆ ತಿಳಿಯಲಿಲ್ಲ. ಕಡೆಗೆ ಕೈಯಾಡಿಸಿ ಒಂದು ಮಾತಾಡಿದಳು. ತಂಗಿ ಸೋತವಳ ದನಿಯಲ್ಲಿ ನನಗೆ ಇಂಗ್ಲಿಷಿನಲ್ಲಿ ಹೇಳಿದಳು: ಹುಡುಗ ಗಂಜಿ ಕುಡಿಯುವುದಿಲ್ಲವಂತೆ.

ನರ್ಸಬಾಯಿ ಡಬ್ಬಿ ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಅಜ್ಜಿಯೂ ಹೋಗಿ ಪಕ್ಕಕ್ಕೆ ಕೂತಳು. ಆಮೇಲೆ ಇಬ್ಬರ ಮಾತು ಹತ್ತಿತು. ಅಜ್ಜಿಯ ಮಾತು ತಂಗಿಯ ಇಂಗ್ಲಿಷಿಗೆ, ಅಲ್ಲಿಂದ ನನ್ನ ಕನ್ನಡಕ್ಕೆ, ನರ್ಸಬಾಯಿಯ ಉತ್ತರ ಅದೇ ದಾರಿಯಲ್ಲಿ ವಾಪಸು. ನೀನಾ ಜಡೆ ಹಾಕಿಸಿಕೊಳ್ಳುವುದಿಲ್ಲ, ಹಠ. ತಾಯಿಯ ಹಠವೇ ಬಂದಿದೆ ಎಂದಳು ನರ್ಸಬಾಯಿ. ಅಜ್ಜಿ ಹೌದು ಹೌದೆಂದು ತೊಡೆ ತಟ್ಟಿಕೊಂಡಳು. ಮಕ್ಕಳೇ ಬೇಡ ಎಂದಿದ್ದ ತಂಗಿ ನಡುವೆ ನಿಂತು ತನ್ನ ಇಬ್ಬರು ಮಕ್ಕಳ ಸುದ್ದಿಯನ್ನು ಅತ್ತಿಂದಿತ್ತ ದಾಟಿಸುತ್ತಾ ಬೆವೆತಳು. ಒಮ್ಮೆ ಅಜ್ಜಿ ಹೇಳಿದ ಮಾತಿಗೆ ಅವಳು ಸಿಡುಕಿನಿಂದ ತಿರುಗಿ ಬಿದ್ದಳು. ತಾಯಿ ಮಗಳಿಗೆ ಜೋರು ಜೋರು ಮಾತಾಯಿತು. ಎಲ್ಲ ಬಯಲಾಯಿತು ಎಂದುಕೊಂಡು ನಾನು ಏನಾಯಿತೆಂದು ಕೇಳಿದೆ. ತಂಗಿ ಗದ್ದ ಎತ್ತಿ ಹೇಳಿದಳು: ಮೀಶಾ ನೀರಿಗೆ ಹೆದರುತ್ತಾನೆ ಅನ್ನುತ್ತಾಳೆ ಅಮ್ಮ. ಸುಳ್ಳು. ಅವನು ಚೆನ್ನಾಗಿ ಈಜುತ್ತಾನೆ.

ಹೋಗುವಾಗ ಅಜ್ಜಿ ನರ್ಸಬಾಯಿಯನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡಳು. ಪಾಪ, ಮೊಮ್ಮಕ್ಕಳ ನೆನಪಾಗಿದೆ ಎಂದು ಹೆಂಗಸರು ಮರುಗಿದರು. ಅದು ಸುಳ್ಳೂ ಆಗಿರಲಿಲ್ಲ.

ಆ ಬೇಸಿಗೆಗೆ ಹೋದ ಜೋಡಿ ಮತ್ತೆ ಬರಲಿಲ್ಲ. ನರ್ಸಬಾಯಿ ರಿಟೈರಾಗಿ ಹಳಿಯಾಳದಲ್ಲಿ ಮನೆ ಮಾಡಿದಳು. ನಾನು ಹೋದಾಗಲೆಲ್ಲ ಹುಡುಗರ ಸುದ್ದಿ ಹೊಸದಾಗಿ ಇರುತ್ತಿತ್ತು. ಮೀಶಾ ಒಂದು ವರ್ಷ ನಪಾಸಾದ. ನೀನಾ ತಲೆ ಚುರುಕು. ಈಗ ಯಾರು ಕೇಳುತ್ತಾರೆ ನರ್ಸಬಾಯಿ ಎಂದರೆ, ಕೇಳಿದರೆ ಗೊತ್ತಿರಬೇಕಲ್ಲ ಅನ್ನುತ್ತಿದ್ದಳು. ಆಕೆ ಆ ಮಾತಾಡುವಾಗ ನನಗೆ ಬುಧವಾರದ ನೆನಪು ಬರುತ್ತಿತ್ತು.

ಇಷ್ಟೆಲ್ಲ ನೆನೆಸಿಕೊಳ್ಳುವಷ್ಟರಲ್ಲಿ ದಾಂಡೇಲಿಯ ಬಸ್ಸು ಬಂತು. ಇಬ್ಬರಿಗೂ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಕ್ಲಾರಾಬಾಯಿ ಕಿಟಕಿಯ ಕಡೆ ನೋಡುತ್ತಾ, "ಆ ತಂಗಿ ಹೊಟ್ಟಿ ನಾ ಮುಟ್ಟಿ ನೋಡಿದ್ದೆ ಅಕ್ಕೋರ. ಹಡದ ಹೊಟ್ಟಿ ಅಲ್ಲ ಅದು," ಅಂದಳು.

ನಾನು ಬೆಚ್ಚಿ ಅವಳ ಕಡೆ ತಿರುಗಿದೆ. ಅಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಬಿಟ್ಟಿದ್ದರೆ ನರ್ಸಬಾಯಿಯ ಮಾತನ್ನು ಆಮೇಲೆ ಯಾರು ಕೇಳುತ್ತಿದ್ದರು ಎಂದಳು. ನನಗೆ ಏಳಿದ್ದವು, ಆಕೆಗೂ ಎರಡು ಇರಲಿ ಅಂದುಕೊಂಡೆ ಎಂದಳು. ಸೆರಗಿನಿಂದ ಮೂಗೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಂದಂಗ, ನೀನಾ ಈಗ ಏನ್ ಮಾಡ್ತಾಳ?"

ನಾನು ಒಂದು ಗಳಿಗೆ ಯೋಚಿಸಿದೆ. "ನರ್ಸ್ ಆಗ್ಯಾಳಂತ," ಅಂದೆ.

"ಲಗ್ನ?"

"ಇನ್ನೂ ಇಲ್ಲ."

"ಅವಸರ ಏನೈತಿ ಬಿಡ್ರಿ," ಅಂದಳು ಕ್ಲಾರಾಬಾಯಿ. "ಎಷ್ಟಾದ್ರೂ ನರ್ಸಬಾಯಿ ಮಗಳು."